ಇಲ್ಲದ ಹುಳಿ

ಆಚೆಮನೆ ಭಾವನ ನಾಲಗೆಗೆ ರುಚಿ ತಿರುಗಿ ಬರಲಿಲ್ಲ. ಬಂದಿತ್ತು ಎಂದು ನಮ್ಮೂರು ಬೀಜಾಡಿಯಲ್ಲಿ ಯಾರು ಹೇಳಿದರೂ ನಂಬಬೇಡಿ. ಹಿರಿಯರಿಗೆ ಬಡಿಸಿದ ದಿನ ಬಂತಂತೆ. ಒಂದು ತುತ್ತು ಬಂಗುಡೆ ಸಾರು, ಒಂದು ಗುಟುಕು ವೈನು, ಅಷ್ಟಕ್ಕೇ ಬಂದುಬಿಟ್ಟಿತಂತೆ. ಆ ದಿನ ಅವರ ಪಕ್ಕದ ಎಲೆಗೆ ಕೂತು ಉಂಡವಳು ನಾನು. ಬರಲಿಲ್ಲ.

ಇದನ್ನೆಲ್ಲ ಈಗ ಎತ್ತಲು ಕಾರಣ ಮೊಮ್ಮಗಳು. ಅವಳು ಬ್ರಹ್ಮಾವರದ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಹೋದ ವಾರ ಅಲ್ಲಿಯ ಗೆಳತಿಯೊಬ್ಬಳು ಮನೆಯಲ್ಲೇ ದ್ರಾಕ್ಷಿ ಹಾಕಿ ಮಾಡಿದ ವೈನನ್ನು ಬಾಟಲಿಯಲ್ಲಿ ತುಂಬಿಸಿ ಕೊಟ್ಟಿದ್ದಳು. ನಾನು ಅಡುಗೆಮನೆಯಲ್ಲಿ ಕಾಯಿ ಹೆರೆಯುತ್ತ ಕೂತಿದ್ದೆ. ಅವಳು ಮುಚ್ಚಳ ತೆಗೆದದ್ದೇ ತಡ, ಆ ವಾಸನೆ... ಗೇರುಹಣ್ಣು ಮರದಡಿ ಬಿದ್ದು ಬಿಸಿಲು ಕಂಡ ಮೇಲೆ ಬರುತ್ತದಲ್ಲ, ಸಿಹಿಯೂ ಅಲ್ಲ, ಕೊಳೆತದ್ದೂ ಅಲ್ಲ, ಹಾಗೆ.

ಅಜ್ಜಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು ಎಂದು ಮೊಮ್ಮಗಳು ನಗಾಡಿದಳು. ನನಗೆ ಗೊತ್ತಾಗುತ್ತದೆ. ಅವಳು ಶಾಲೆಗೆ ಹೋಗುವ ಕಾಲದಲ್ಲೇ ನಾನು ಬಿಳಿ, ಕೆಂಪು, ನೊರೆ ಬರುವುದು ಎಲ್ಲವನ್ನೂ ಬಾಯಿಗೆ ಹಾಕಿದವಳು. ಸುಮ್ಮನೆ ಅಲ್ಲ. ಮೀನಿನ ಜೊತೆ, ಕೋಳಿಯ ಜೊತೆ, ಒಬ್ಬರ ಸಲುವಾಗಿ...

ಭಾವ ಎಂದರೆ ನನ್ನ ಗಂಡನ ಒಡಹುಟ್ಟಿದವರಲ್ಲ. ಬೇಲಿಯಾಚೆ ಮನೆಯವರು. ಶಾಲೆಯಲ್ಲಿ ನಮ್ಮನೆಯವರಿಗಿಂತ ಒಂದು ಕ್ಲಾಸು ಕೆಳಗೆ ಇದ್ದವರು. ನನ್ನನ್ನು ಅತ್ತಿಗೆ ಎನ್ನುತ್ತಿದ್ದರು, ಕಿರಿಯರಾದರೂ ಮರ್ಯಾದೆಗೆ ನಾನು ಭಾವ ಎನ್ನುತ್ತಿದ್ದೆ. ಅವರ ಹೆಂಡತಿಗೆ ನಾನು ಅಕ್ಕ, ನನಗೆ ಅವಳು ತಂಗಿ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಬಾಯಲ್ಲಿ ಕಟ್ಟಿಕೊಂಡ ಸಂಬಂಧ ಅಷ್ಟೇ. ಆದರೆ ಒಂದು ಮನೆಯ ಸಾರಿನ ಬಟ್ಟಲು ಇನ್ನೊಂದು ಮನೆಗೆ ಬೇಲಿ ದಾಟದ ದಿನ ಕಡಿಮೆ.

ಭಾವ ಮೀಸೆ ಮೂಡುವ ಮೊದಲೇ ಮುಂಬೈಗೆ ಹೋದರು. ನಮ್ಮ ಕಡೆಯವರ ಹೋಟೆಲಿನಲ್ಲಿ ಲೋಟ ತೊಳೆದರು, ಆಮೇಲೆ ಸಮುದ್ರದೆದುರಿನ ಒಂದು ದೊಡ್ಡ ಹೋಟೆಲಿಗೆ ಸೇರಿದರು. ಅಲ್ಲಿ ಅವರ ಕೆಲಸ ವೈನ್ ಕೊಡುವುದು. ಕೊಡುವುದು ಎಂದರೆ ಸುರಿದು ಬರುವುದಲ್ಲ, ಇಂಥ ಊಟಕ್ಕೆ ಇಂಥದ್ದು ಹೊಂದುತ್ತದೆ ಎಂದು ಗಿರಾಕಿಗೆ ಹೇಳುವುದು. ಹೇಳಬೇಕಾದರೆ ಮೊದಲು ತಾನು ಬಾಯಿಗೆ ಹಾಕಿ ನೋಡಿರಬೇಕು. ರಜೆಗೆ ಬಂದಾಗ ಇದನ್ನು ಎಷ್ಟು ಬಿಡಿಸಿ ಹೇಳಿದರೂ ಊರಿನವರ ತಲೆಗೆ ಹೋಗುತ್ತಿರಲಿಲ್ಲ.

"ಕುಡುಕೆ ಸಂಬ್ಳ ಕೊಡ್ತ್ರಾ? ಹಂಗಾರೆ ನನ್ನನ್ನೂ ಸೇರ್ಸ್ ಮಾರಾಯ," ಎಂದು ನಮ್ಮನೆಯವರು ಒಮ್ಮೆ ಕೇಳಿದ್ದರು.

"ಕುಡುದಲ್ಲ ಅಣ್ಣ. ಬಾಯಂಗೆ ತಿರ್ಗ್ಸಿ ಉಗುಳುದ್," ಎಂದರು ಭಾವ.

ನಮ್ಮನೆಯವರಿಗೆ ಅದು ಇನ್ನೂ ದೊಡ್ಡ ಅನ್ಯಾಯವಾಗಿ ಕಂಡಿತು. ಬಾಯಿಗೆ ಬಂದದ್ದನ್ನು ಉಗುಳಲು ಒಬ್ಬ ಮನುಷ್ಯ ಊರು ಬಿಟ್ಟು ಮುಂಬೈಗೆ ಹೋಗಬೇಕೇ ಎಂದು ಎಷ್ಟೋ ವರ್ಷ ಹೇಳಿಕೊಂಡು ನಗಾಡಿದರು.

ಕೆಲಸ ಮುಗಿಸಿ ಭಾವ ಊರಿಗೇ ಬಂದು ಉಳಿದರು. ಬರುವಾಗ ಸಾಮಾನು ಹೆಚ್ಚೇನೂ ತರಲಿಲ್ಲ. ಟವೆಲ್ಲಿನಲ್ಲಿ ಸುತ್ತಿದ ತೆಳು ಗಾಜಿನ ಉದ್ದ ಕಾಲಿನ ಲೋಟಗಳು, ಒಂದಷ್ಟು ಬಾಟಲಿ. ಬಾಟಲಿ ಆಮೇಲೂ ಬರುತ್ತಿತ್ತು, ಜೊತೆಗೆ ಕೆಲಸ ಮಾಡಿದವರು ಬಸ್ಸಿನಲ್ಲಿ ಕಳಿಸುತ್ತಿದ್ದರು. ಅವರಿಗೆ ಒಂದು ಹಟ ಇತ್ತು. ಇಷ್ಟು ವರ್ಷ ಪರದೇಶದವರ ಊಟಕ್ಕೆಲ್ಲ ಇದು ಹೊಂದುತ್ತದೆ ಅದು ಹೊಂದುತ್ತದೆ ಎಂದು ಹೇಳಿದೆ, ನಮ್ಮ ಅಬ್ಬಿ ಮಾಡುತ್ತಿದ್ದ ಬಂಗುಡೆ ಸಾರಿಗೆ ಯಾವುದು ಹೊಂದುತ್ತದೆ ಎಂದು ನನಗೇ ಗೊತ್ತಿಲ್ಲವಲ್ಲ ಎನ್ನುತ್ತಿದ್ದರು. ಅಬ್ಬಿ ಎಂದರೆ ಅವರ ತಾಯಿ. ಭಾವ ಮುಂಬೈಯಲ್ಲಿರುವಾಗಲೇ ತೀರಿಕೊಂಡವರು. ಆ ಸಾರನ್ನು ತಂಗಿ ಅತ್ತೆಯ ಹತ್ತಿರ ಕಲಿತಿದ್ದಳು, ನಾನು ತಂಗಿಯಿಂದ ಕಲಿತೆ.

ಆದರೆ ತಂಗಿ ತನ್ನ ಮನೆಯಲ್ಲಿ ಇದಕ್ಕೆ ಒಪ್ಪಲಿಲ್ಲ. ಅವಳ ತಕರಾರು ಕುಡಿಯುವುದಕ್ಕಲ್ಲ, ಊಟದ ಬದಿಗೆ ಲೋಟ ಇಡುವುದಕ್ಕೆ. ನಮ್ಮಲ್ಲಿ ಗಂಡಸರು ಕುಡಿಯುವುದಾದರೆ ಹೊರಗೆ ಎಲ್ಲಾದರೂ ಕುಡಿದು, ಬಾಯಿ ತೊಳೆದು, ಆಮೇಲೆ ಬಂದು ಉಣ್ಣುತ್ತಾರೆ. ಎರಡನ್ನೂ ಒಟ್ಟಿಗೆ ಬಡಿಸುವುದು ಹಿರಿಯರಿಗೆ ಮಾತ್ರ. ತೀರಿಹೋದವರ ಹೆಸರಿನಲ್ಲಿ ಎಲೆ ಹಾಕಿ, ಅನ್ನ, ಮೀನು, ಕೋಳಿ ಬಡಿಸಿ, ಬದಿಗೆ ಒಂದು ಲೋಟ ಕಳ್ಳೋ ಸಾರಾಯಿಯೋ ಇಟ್ಟು, ಬಾಗಿಲು ಹಾಕಿ ಹೊರಗೆ ಬಂದು ನಿಲ್ಲುತ್ತೇವೆ. ಬದುಕಿರುವ ಗಂಡನ ಎಲೆಯ ಬದಿಗೆ ಹಾಗೆ ಲೋಟ ಇಡಲು ಯಾವ ಹೆಂಗಸಿಗೆ ಕೈ ಬರುತ್ತದೆ? ತಂಗಿ ಬೇಡ ಎಂದದ್ದು ನನಗೂ ಸರಿಯಾಗಿಯೇ ಕಂಡಿತು.

ಹಾಗಾಗಿ ಭಾನುವಾರ ಮಧ್ಯಾಹ್ನ ಭಾವ ನಮ್ಮ ಹಿಂದಿನ ಜಗಲಿಗೆ ಬರತೊಡಗಿದರು. ನಾನು ಎಲೆ ಹಾಕಲಿಲ್ಲ, ಸ್ಟೀಲ್ ಪ್ಲೇಟಿನಲ್ಲಿ ಕೊಟ್ಟೆ. ಪ್ಲೇಟಿಗೆ ಆ ದೋಷ ತಾಗುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದೆ.

ಮೊದಲನೇ ಭಾನುವಾರವೇ ಜಗಳ. ಕೋಳಿಸಾರು ಮಾಡಿದ್ದೆ. ಭಾವ ಒಂದು ತುತ್ತು ತಿಂದು, ಕೆಂಪು ವೈನು ಬಾಯಿಗೆ ಹಾಕಿ, ಗಳಗಳ ತಿರುಗಿಸಿ, ಎದ್ದು ಹೋಗಿ ತೆಂಗಿನ ಬುಡಕ್ಕೆ ಉಗುಳಿದರು. ನನ್ನ ಮೈ ಉರಿಯಿತು. ಬೆಳಿಗ್ಗೆಯಿಂದ ಹುರಿದು ಅರೆದು ಮಾಡಿದ ಸಾರನ್ನು ಕಣ್ಣೆದುರೇ ಉಗುಳುವುದೇ? ಉಗುಳುವುದಾದರೆ ಮುಂದಿನ ವಾರದಿಂದ ಬರುವುದು ಬೇಡ ಎಂದೆ. ಉಗುಳಿದ್ದು ವೈನನ್ನು, ಸಾರನ್ನಲ್ಲ ಎಂದು ಅವರು ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಅವರು ಯಾವತ್ತೂ ಉಗುಳಲಿಲ್ಲ. ನಮ್ಮನೆಯವರು ಮಾತ್ರ, ಭಾವ ನುಂಗಲು ಕಲಿತದ್ದು ನಮ್ಮ ಜಗಲಿಯಲ್ಲಿ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದರು.

ಹೀಗೆ ಎಷ್ಟೋ ಭಾನುವಾರ... ಕಾಣೆ ಮೀನು ಹುರಿದರೆ ಬಿಳಿಯದ್ದು ಹೊಂದುತ್ತದೆ, ಲಿಂಬೆ ಹಿಂಡಿದ ಹಾಗೆ ಎಂದು ಕಂಡುಹಿಡಿದರು. ಕೋಳಿಸಾರಿಗೆ ಕೆಂಪು ತಂದರೆ ಮೆಣಸಿನ ಖಾರಕ್ಕೆ ಬೆಂಕಿ ಬೀಳುತ್ತದೆ, ಸ್ವಲ್ಪ ಸಿಹಿ ಇರುವ ಬಿಳಿಯದ್ದಾದರೆ ತಣ್ಣಗಾಗುತ್ತದೆ. ಚಟ್ಲಿ, ಎಂದರೆ ಸಿಗಡಿ, ಅದನ್ನು ಕಾಯಿ ಹಾಕಿ ನೀರಾರಿಸಿ ಮಾಡಿದ ಸುಕ್ಕಕ್ಕೆ ನೊರೆ ಬರುವುದು. ಒಂದೊಂದು ಹೊಂದಿದಾಗಲೂ ಅವರ ಮುಖ ನೋಡಬೇಕಿತ್ತು. ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕುದುರಿದ ಹಾಗೆ.

ಬಂಗುಡೆ ಸಾರಿಗೆ ಮಾತ್ರ ಒಂದೂ ಹೊಂದಲಿಲ್ಲ. ಕೆಂಪು ಕುಡಿದರೆ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗಾಗುತ್ತಿತ್ತು. ಅದು ನನ್ನ ಬಾಯಿಗೂ ಗೊತ್ತಾಯಿತು. ಬಿಳಿ ಕುಡಿದರೆ ಸಾರಿನ ಹುಳಿಯೆದುರು ಅದು ನೀರು. ಸಾರಿನ ಹುಳಿ ವೈನಿನ ಹುಳಿಯನ್ನು ನುಂಗಿ ಹಾಕುತ್ತದೆ, ಹುಳಿ ಸ್ವಲ್ಪ ಕಡಿಮೆ ಹಾಕಿ ನೋಡುವ ಎಂದು ಭಾವ ಕೇಳಿದರು.

"ನಿಮ್ ಬಾಟ್ಲಿ ಸಲುವಾಯಿ ನಾನ್ ಬಂಗ್ಡಿಗೆ ಹುಳಿ ಕಮ್ಮಿ ಹಾಕುದಿಲ್ಲೆ ಭಾವ. ಬೇರೆ ಬಾಟ್ಲಿ ತನ್ನಿ," ಎಂದೆ.

"ಅದೂ ಹೌದ್. ಸಾರ್ ಅಬ್ಬಿದ್, ಬಾಟ್ಲಿ ಯಾರದ್ದೋ. ಇನ್ನೊಂದ್ ತಂದ್ ಕಾಂಬ," ಎಂದರು.

ಇನ್ನೊಂದು ತಂದರು. ಅದೂ ಆಗಲಿಲ್ಲ. ಮತ್ತೊಂದು... ಅವರಿಗೆ ಬೇಸರವೇ ಬರುತ್ತಿರಲಿಲ್ಲ. ಅವರ ಕುತ್ತಿಗೆಯಲ್ಲಿ ಗಂಟು ಕಂಡದ್ದು ಆ ಸಮಯದಲ್ಲಿ.

ಗಂಟು ನಾಲಗೆಯ ಬುಡದಿಂದ ಬಂದದ್ದಂತೆ. ದೊಡ್ಡಾಸ್ಪತ್ರೆಯಲ್ಲಿ ಕರೆಂಟ್ ಕೊಟ್ಟರು. ನಮ್ಮಲ್ಲಿ ಆ ಚಿಕಿತ್ಸೆಗೆ ಹಾಗೇ ಹೇಳುವುದು. ಕರೆಂಟು ಕೊಟ್ಟು ಗಂಟನ್ನು ಸುಡುವುದು. ಗಂಟು ಕರಗಿತು. ಅದರ ಜೊತೆ ಬಾಯಿಯ ನೀರು ಆರಿತು, ನಾಲಗೆಯ ರುಚಿ ಹೋಯಿತು. ಡಾಕ್ಟರು ಮೊದಲೇ ಹೇಳಿದ್ದರಂತೆ, ಕೆಲವರಿಗೆ ತಿಂಗಳುಗಳಲ್ಲಿ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ ಎಂದು. ಜೀವ ಉಳಿಯಿತಲ್ಲ ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ. ಭಾವ ತಲೆಯಾಡಿಸಿದರು. ಅನ್ನ ತಿಂದರೆ ಒದ್ದೆ ಹತ್ತಿ ಜಗಿದ ಹಾಗೆ, ಮೀನು ತಿಂದರೂ ಒದ್ದೆ ಹತ್ತಿಯೇ ಎಂದರು. ಮೂಗು ಸರಿ ಇತ್ತು. ಅದೇ ದೊಡ್ಡ ಹಿಂಸೆ. ಒಗ್ಗರಣೆ ಹಾಕಿದ್ದು ಅವರಿಗೆ ಮನೆಯ ಹೊರಗಿದ್ದರೂ ತಿಳಿಯುತ್ತಿತ್ತು, ಬಾಯಿಗೆ ಹಾಕಿದರೆ ಏನೂ ಇಲ್ಲ. ಪರಿಮಳ ಬಾಗಿಲ ತನಕ ಬಂದು ತಿರುಗಿ ಹೋಗುತ್ತದೆ ಅತ್ತಿಗೆ ಎನ್ನುತ್ತಿದ್ದರು.

ಆದರೂ ಭಾನುವಾರ ಬಂದರು. ಕಂಕುಳಲ್ಲಿ ಬಾಟಲಿ. ನೀವು ಕುಡಿದು ನನಗೆ ಹೇಳಿ ಎಂದರು. ನನ್ನ ನಾಲಗೆಯಲ್ಲಿ ರುಚಿ ನೋಡುವುದು, ಅವರು ಅದನ್ನು ಕಿವಿಯಲ್ಲಿ ಕೇಳುವುದು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಉಪ್ಪು ಹೆಚ್ಚು, ಖಾರ ಕಡಿಮೆ, ಹುಳಿ ಬೇಕು, ನನ್ನ ಹತ್ತಿರ ಇದ್ದ ಮಾತು ಇಷ್ಟೇ. ಒಂದು ಗುಟುಕು ಕುಡಿದು, ಒಂದು ತುತ್ತು ತಿಂದು, ಹುಳಿ ಎಂದೆ.

"ಎಂತ ಹುಳಿ ಅತ್ಗಿ? ಮಜ್ಗಿ ಹುಳಿಯಾ, ಮಾವಿನ್ಕಾಯಿ ಹುಳಿಯಾ?"

"ಹುಳಿ ಅಂದ್ರೆ ಹುಳಿ."

"ಹಲ್ಲಿಗೆ ತಾಗ್ತಾ, ನಾಲ್ಗಿ ಬದಿಗೆ ತಾಗ್ತಾ? ಸಾರ್ ತಿಂದ್ಮೇಲೆ ಹೆಚ್ಚಾತ್ತಾ, ಕಮ್ಮಿ ಆತ್ತಾ?"

ನಾನು ಮತ್ತೆ ಕುಡಿದೆ. ಮತ್ತೆ ತಿಂದೆ. ಅವರು ಕಣ್ಣು ಮುಚ್ಚಿ ಕಾದು ಕೂತಿದ್ದರು. ಅಮಟೆಕಾಯಿ ಹುಳಿಯ ಹಾಗೆ, ಆಮೇಲೆ ಗೇರುಹಣ್ಣಿನ ಹಾಗೆ ಗಂಟಲು ಹಿಡಿಯುತ್ತದೆ ಎಂದು ಒದ್ದಾಡಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಅದನ್ನು ಹುಡುಕಿದರು. ಸಿಗಲಿಲ್ಲ ಎಂದು ಮುಖದಲ್ಲೇ ಗೊತ್ತಾಯಿತು. ಹೇಳಲು ಬರುವವರಿಗೆ ನಾಲಗೆ ಹೋಗಿತ್ತು, ನಾಲಗೆ ಇದ್ದವಳಿಗೆ ಹೇಳಲು ಬರುತ್ತಿರಲಿಲ್ಲ. ಕಡೆಕಡೆಗೆ ನನಗೆ ಭಾನುವಾರ ಬಂದರೆ ಹೆದರಿಕೆಯಾಗುತ್ತಿತ್ತು. ಒಂದು ಸಲ ಅವರಿಗಾಗಿ ಸುಮಾರು ಕುಡಿದು, ಸಂಜೆ ಹೆಂಗಸರ ಸಂಘದ ಮೀಟಿಂಗಿಗೆ ಹೋಗಿ, ಎಲ್ಲರೆದುರು ನಗಾಡಿ ಮರ್ಯಾದೆ ಕಳೆದುಕೊಂಡದ್ದೂ ಉಂಟು. ಇಷ್ಟೆಲ್ಲ ಮಾಡಿಯೂ ಅವರಿಗೆ ಒಂದು ಹನಿ ರುಚಿ ದಾಟಿಸಲು ಆಗಲಿಲ್ಲ.

ತಂಗಿ ಸುಮ್ಮನೆ ಕೂರಲಿಲ್ಲ. ನಾಲಗೆಗೆ ಬಜೆ ತೇಯ್ದು ಹಚ್ಚಿದಳು, ಕಷಾಯ ಕೊಟ್ಟಳು. ಒಂದೂ ಆಗದೆ ಕಡೆಗೆ ಬೈಂದೂರಿನ ಕಡೆ ಒಬ್ಬ ಪಾತ್ರಿಯ ಹತ್ತಿರ ಕೇಳಲು ಹೋದಳು. ಪಾತ್ರಿ ಎಂದರೆ ದೈವ ಮೈಮೇಲೆ ಬಂದು ನುಡಿಯುವವರು. ಮನೆಯ ಹಿರಿಯರಿಗೆ ಬಡಿಸದೆ ವರ್ಷ ಎಷ್ಟಾಯಿತು, ಅವರು ಹಸಿದು ಕೂತಿರುವಾಗ ನಿನ್ನ ಗಂಡನ ಬಾಯಿಗೆ ರುಚಿ ಎಲ್ಲಿಂದ ಬರಬೇಕು ಎಂದು ನುಡಿಯಾಯಿತಂತೆ. ಭಾವ ಮುಂಬೈಯಲ್ಲಿದ್ದಷ್ಟು ಕಾಲ ಬಡಿಸುವುದು ತಪ್ಪಿದ್ದು ನಿಜವೇ. ತಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ಬಡಿಸಲು ಅಮಾವಾಸ್ಯೆಯ ದಿನ ಗೊತ್ತುಮಾಡಿದಳು.

ಭಾವ ಇದನ್ನೆಲ್ಲ ನಂಬುವವರಲ್ಲ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಬಾಟಲಿ ತಂದರು. ಬಿಳಿಯದ್ದು, ಹಳತು, ಮುಂಬೈಯ ಕೆಲಸ ಬಿಡುವಾಗ ಯಾರೋ ಗಿರಾಕಿ ಕೊಟ್ಟದ್ದಂತೆ. ಬಂಗುಡೆ ಸಾರಿಗೆ ಇದೊಂದು ಹೊಂದಬಹುದೋ ಏನೋ, ನನಗಂತೂ ಗೊತ್ತಾಗುವುದಿಲ್ಲ, ಅಬ್ಬಿಗೆ ಗೊತ್ತಾಗಲಿ ಎಂದರು. ನಗಾಡಿಕೊಂಡೇ ಹೇಳಿದರು...

ಆ ದಿನ ಅಡುಗೆ ತಂಗಿಯದ್ದೇ. ಮಿಂದು, ಒದ್ದೆ ತಲೆಯಲ್ಲಿ, ಯಾರ ಹತ್ತಿರವೂ ಮಾತಾಡದೆ ಮಾಡಿದಳು. ನಾನು ಮಸಾಲೆ ಅರೆದುಕೊಟ್ಟೆ. ಹಿರಿಯರಿಗೆ ಬಡಿಸುವ ಅಡುಗೆಯನ್ನು ಮಾಡಿದವರು ರುಚಿ ನೋಡುವ ಹಾಗಿಲ್ಲ, ಉಪ್ಪು ಸಹ. ಮೊದಲ ರುಚಿ ಅವರದ್ದು. ದೀಪ ಹಚ್ಚುವ ಹೊತ್ತಿಗೆ ಎಲೆ ಹಾಕಿ, ಎಲ್ಲ ಬಡಿಸಿ, ಭಾವ ತಮ್ಮ ಕೈಯಿಂದಲೇ ಆ ತೆಳು ಗಾಜಿನ ಲೋಟಕ್ಕೆ ವೈನು ಬಗ್ಗಿಸಿ ಎಲೆಯ ಬದಿಗೆ ಇಟ್ಟರು. ಹೋಟೆಲಿನಲ್ಲಿ ದೊಡ್ಡ ಮನುಷ್ಯರಿಗೆ ಹೀಗೇ ಕೊಡುತ್ತಿದ್ದರೋ ಏನೋ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಬಗ್ಗಿ. ಬಾಗಿಲು ಹಾಕಿ ಅಂಗಳದಲ್ಲಿ ನಿಂತೆವು. ಸಮುದ್ರದ ಸದ್ದು ಕೇಳುತ್ತಿತ್ತು.

ಬಾಗಿಲು ತೆರೆದ ಮೇಲೆ ಹಿರಿಯರಿಗೆ ಇಟ್ಟದ್ದು ಮನೆಯವರಿಗೆ ಪ್ರಸಾದ. ಲೋಟದಲ್ಲಿದ್ದದ್ದೂ ಪ್ರಸಾದವೇ. ತಂಗಿ ಭಾವನಿಗೆ ಎಲೆ ಹಾಕಿ, ಆ ಲೋಟವನ್ನು ಎತ್ತಿ ತಂದು ಎಲೆಯ ಬದಿಗೆ ತಾನೇ ಇಟ್ಟಳು. ಭಾವ, ಪಕ್ಕದಲ್ಲಿ ನಾನು, ನನ್ನ ಆಚೆ ನಮ್ಮನೆಯವರು, ಇಷ್ಟೇ ಜನ ಕೂತದ್ದು. ತಂಗಿ ಬಡಿಸಿ ಎದುರಲ್ಲಿ ನಿಂತಳು.

ಭಾವ ಅನ್ನಕ್ಕೆ ಬಂಗುಡೆ ಸಾರು ಕಲಸಿ ಬಾಯಿಗೆ ಹಾಕಿದರು. ಅವರ ಬಾಯಿಯಲ್ಲಿ ನೀರಿಲ್ಲ, ಜಗಿಯಲು ತುಂಬ ಹೊತ್ತು ಬೇಕು. ಆಮೇಲೆ ಲೋಟ ಎತ್ತಿ ಒಂದು ಗುಟುಕು. ಮೊದಲಿನ ಹಾಗೆ ಕಣ್ಣು ಮುಚ್ಚಿದರು. ತಂಗಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಭಾವ ಕಣ್ಣು ಬಿಟ್ಟು ಮೊದಲು ನೋಡಿದ್ದು ಅವಳನ್ನು.

"ಬಂತ್," ಎಂದರು. "ಹುಳಿ ಬಂತ್. ಸಾರಿನ್ ಹುಳಿ, ವೈನಿನ್ ಹುಳಿ, ಎರಡೂ ಲಾಯ್ಕ್ ಹೊಂದಿತ್. ಅಬ್ಬಿ ಮಾಡ್ದಾಂಗೇ ಆಯ್ತ್."

ತಂಗಿ ಸೌಟನ್ನು ನೆಲಕ್ಕಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಎದೆ ತುಂಬಿತು, ಸುಳ್ಳು ಯಾಕೆ ಹೇಳಲಿ. ಆ ಖುಷಿಯಲ್ಲೇ ನಾನೂ ಕಲಸಿ ಬಾಯಿಗೆ ಹಾಕಿದೆ.

ಸಾರಿನಲ್ಲಿ ಹುಳಿಯೇ ಇರಲಿಲ್ಲ.

ಕಡಿಮೆ ಅಲ್ಲ, ಇಲ್ಲವೇ ಇಲ್ಲ. ಕಾಯಿ ಇತ್ತು, ಮೆಣಸು ಇತ್ತು, ಬಂಗುಡೆಯ ಹಸಿ ವಾಸನೆ ನೆಟ್ಟಗೆ ಮೂಗಿಗೆ ಏರಿತು. ಒಲೆಯ ಕಡೆ ಕಣ್ಣು ಹೋಯಿತು. ಹುಣಸೆಹುಳಿ ನೆನೆಹಾಕಿದ ಬಟ್ಟಲು ನೆನೆಹಾಕಿದ ಹಾಗೇ ಇತ್ತು, ಕಿವುಚಿಯೇ ಇರಲಿಲ್ಲ. ಅಷ್ಟು ಮಡಿಯಲ್ಲಿ, ಅಷ್ಟು ಹೆದರಿಕೆಯಲ್ಲಿ ಮಾಡಿದವಳು ಅದೊಂದನ್ನು ಮರೆತಿದ್ದಳು. ಬೇರೆ ದಿನವಾದರೆ ಕೈಗೆ ಒಂದು ತೊಟ್ಟು ಬಿಟ್ಟು ನೆಕ್ಕಿದ್ದರೆ ಗೊತ್ತಾಗುತ್ತಿತ್ತು. ಆ ದಿನ ನೆಕ್ಕುವ ಹಾಗಿರಲಿಲ್ಲ.

ಪಕ್ಕದಲ್ಲಿ ನಮ್ಮನೆಯವರು ಒಂದು ತುತ್ತು ತಿಂದು, "ಹುಳಿ..." ಎಂದು ಬಾಯಿ ತೆರೆದರು. ಮೊಣಕೈಯಲ್ಲಿ ತಿವಿದೆ. "...ಲಾಯ್ಕ್ ಇತ್ತ್," ಎಂದು ಮುಗಿಸಿದರು. ಅವರ ಜನ್ಮದಲ್ಲಿ ಅವರು ಬುದ್ಧಿ ಉಪಯೋಗಿಸಿದ್ದು ಅದೊಂದು ಸಲ.

ಭಾವ ಉಂಡು ಎದ್ದ ಮೇಲೆ ತಂಗಿ ಕೂತಳು. ಮೊದಲ ತುತ್ತಿಗೇ ಅವಳ ಕೈ ನಿಂತಿತು. ಒಲೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಏನು ಹೇಳಲಿ? ಜೀವಮಾನವೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವಳು ನಾನು. ಮದುವೆ ಮನೆಯಲ್ಲಿ ಪಾಯಸ ಸೀದಿದೆ ಎಂದು ಹುಡುಗಿಯ ಅಪ್ಪನಿಗೇ ಹೇಳಿ ಬಂದವಳು. ಆ ಹೊತ್ತು ಬಾಯಿ ಬರಲಿಲ್ಲ. ತಂಗಿ ತಲೆ ತಗ್ಗಿಸಿ ಎಲೆಯಲ್ಲಿದ್ದದ್ದನ್ನೆಲ್ಲ ಉಂಡಳು. ಒಂದು ಅಗುಳು ಬಿಡಲಿಲ್ಲ.

ಮರುದಿನವೇ ಸುದ್ದಿ ಕೋಟೇಶ್ವರದ ತನಕ ಹೋಯಿತು. ಪಾತ್ರಿಗೆ ಹೆಸರು ಬಂತು. ಬಂದವರಿಗೆಲ್ಲ ತಂಗಿ, ಹೌದು, ರುಚಿ ಬಂತು ಎಂದಳು. ಭಾವನೂ ಹೌದು ಎಂದರು. ಅವರಿಬ್ಬರೂ ಹೌದು ಎಂದ ಮೇಲೆ ಬೇಲಿಯಾಚೆಯವಳು ಅಲ್ಲ ಎನ್ನಲು ಯಾರು?

ಆಮೇಲೆ ಶುರುವಾದದ್ದು ಇನ್ನೂ ಕಷ್ಟದ್ದು. ರುಚಿ ಬಂದ ಗಂಡನಿಗೆ ತಂಗಿ ದಿನಕ್ಕೊಂದು ಬಗೆ ಮಾಡತೊಡಗಿದಳು. ಉಣ್ಣಬೇಕು, ಉಂಡು ಹೇಗಾಗಿದೆ ಎಂದು ಹೇಳಬೇಕು. ಭಾವನಿಗೆ ಗೊತ್ತಾಗಬೇಕಲ್ಲ? ತಂಗಿ ನನಗೆ ಬಟ್ಟಲು ಕಳಿಸಿದ ಸ್ವಲ್ಪ ಹೊತ್ತಿಗೆ ಬೇಲಿಯ ಹತ್ತಿರ ಕೆಮ್ಮು ಕೇಳುತ್ತಿತ್ತು.

"ಅತ್ಗಿ, ಚಟ್ಲಿ ಸುಕ್ಕ ಅಲ್ದಾ? ಎಂತ ಹೇಳ್ಕ್?"

"ಉಪ್ಪ್ ಒಂಚೂರ್ ಮುಂದೆ. ಕಾಯಿ ಲಾಯ್ಕ್ ಹುರ್ದಿದ್ಳ್."

"ಉಪ್ಪಿಂದ್ ಬ್ಯಾಡ. ಕಾಯಿದ್ ಹೇಳ್ತೆ," ಎಂದು ಹೋಗುತ್ತಿದ್ದರು.

ಆಮೇಲೆ ಆಚೆಯಿಂದ ಅವರ ಸ್ವರ ಕೇಳುತ್ತಿತ್ತು. ನಾನು ಕೊಟ್ಟದ್ದು ಒಂದು ಮಾತು, ಅವರು ಅದಕ್ಕೆ ಹೋಟೆಲಿನ ಅಲಂಕಾರವೆಲ್ಲ ಮಾಡಿ ಬಡಿಸುತ್ತಿದ್ದರು. ಕಾಯಿಯ ಬಣ್ಣ, ಕೊತ್ತಂಬರಿಯ ಹದ, ಇದಕ್ಕೆ ಯಾವ ವೈನು ಹೊಂದೀತು... ತಂಗಿ ಹ್ಞೂಂ ಹ್ಞೂಂ ಎನ್ನುತ್ತಿದ್ದಳು. ಈಗ ಅವರ ಎಲೆಯ ಬದಿಗೆ ದಿನವೂ ಲೋಟ ಇಡುತ್ತಿದ್ದವಳು ಅವಳೇ. ಬೇಡ ಎಂದವಳೇ ಇಡುತ್ತಿದ್ದಾಳೆ ಎಂದರೆ ಅವಳ ಮನಸ್ಸಿಗೆ ಏನು ಗೊತ್ತಾಗಿತ್ತೋ... ನಾನು ಕೇಳಲಿಲ್ಲ.

ಒಂದು ದಿನ ತಡೆಯದೆ ಭಾವನಿಗೆ ಹೇಳಿಬಿಟ್ಟೆ. ಆ ಸಾರಿಗೆ ಹುಳಿ ಹಾಕಿರಲಿಲ್ಲ, ಅವಳಿಗೂ ಅದು ಗೊತ್ತು, ಈ ನಾಟಕ ಸಾಕು ಎಂದೆ. ಭಾವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಬೇಲಿಯ ಗೂಟ ಹಿಡಿದುಕೊಂಡು ನಿಂತರು. ಆಗಲೇ ತುಂಬ ಸೋತಿದ್ದರು, ಅಂಗಿ ಮೈಮೇಲೆ ನೇತಾಡುತ್ತಿತ್ತು.

"ಗೊತ್ತಿರ್ಲಿ ಅತ್ಗಿ," ಎಂದರು. "ಮುಂಚೆ ನಾನ್ ಉಂಬುಕೆ ಕೂಕಂಡ್ರೆ ಅವ್ಳ್ ಒಳ್ಗೆ ಹೋಯಿ ಕಣ್ಣೀರ್ ಹಾಕಿ ಮರ್ಕ್ತಿದ್ಳ್. ಈಗ ಎದ್ರಿಗೆ ಕೂಕಂತ್ಳ್. ಅಷ್ಟ್ ಸಾಕ್."

ಮರುದಿನ ಕೆಮ್ಮು ಕೇಳಿದಾಗ ಎದ್ದು ಹೋಗಿ, ಬಸಳೆ, ಬೆಳ್ಳುಳ್ಳಿ ಜಾಸ್ತಿ, ಎಂದೆ.

ಗಂಟು ಇನ್ನೊಂದು ಕಡೆ ಎದ್ದಿತು. ಈ ಸಲ ಕರೆಂಟ್ ಕೊಟ್ಟು ಪ್ರಯೋಜನವಿಲ್ಲ ಎಂದರು. ಗಂಜಿಯ ತಿಳಿ ಸಹ ಇಳಿಯದ ಮೇಲೂ ಭಾವ ಅದಕ್ಕೊಂದು ಮಾತು ಹೇಳಿ ಮಲಗುತ್ತಿದ್ದರು. ಮಳೆ ನಿಲ್ಲುವ ಹೊತ್ತಿಗೆ ಹೋದರು.

ಅವರ ಹೆಸರಿನಲ್ಲಿ ಎಲೆ ಹಾಕುವ ದಿನ ತಂಗಿ ನನ್ನನ್ನು ಒಳಗೆ ಕರೆದಳು. ಕಪಾಟಿನಲ್ಲಿ ಉಳಿದ ಬಾಟಲಿಗಳಿದ್ದವು. ಬಂಗುಡೆ ಸಾರಿಗೆ ಇದರಲ್ಲಿ ಯಾವುದು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅದು ಸಿಗುವ ಮೊದಲೇ ಅವರ ನಾಲಗೆ ಹೋಗಿತ್ತಲ್ಲ. ತಂಗಿ ಎಲ್ಲ ಬಾಟಲಿಯಿಂದಲೂ ಒಂದೊಂದು ಲೋಟ ಬಗ್ಗಿಸಿ ಎಲೆಯ ಸುತ್ತ ಇಟ್ಟಳು. ಅವರೇ ನೋಡಿಕೊಳ್ಳಲಿ ಎಂದು.

ಅದಾಗಿ ವರ್ಷಗಳಾದವು. ತಂಗಿಯ ಮಗಳನ್ನು ಹೆಮ್ಮಾಡಿಗೆ ಕೊಟ್ಟದ್ದು, ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ಸಾರಿನ ಬಟ್ಟಲು ಈಗ ಬೇಲಿ ದಾಟುವುದು ಕಡಿಮೆ. ನಮ್ಮ ಮನೆಯಿಂದ ಹೋಗುತ್ತದೆ, ಆ ಕಡೆಯಿಂದ ಬರುವುದಿಲ್ಲ. ಒಬ್ಬಳಿಗೆ ಎಂತ ಮಾಡುವುದು ಎನ್ನುತ್ತಾಳೆ ತಂಗಿ.

ಹೋದ ವಾರ ಮೊಮ್ಮಗಳು ಆ ಬಾಟಲಿ ತೆರೆದ ದಿನ ಸಂಜೆ ತಂಗಿಯೂ ಬಂದಳು. ಜಗಲಿ ಹತ್ತುವಾಗಲೇ ಅವಳಿಗೆ ವಾಸನೆ ತಿಳಿಯಿತು. ಮೇಜಿನ ಮೇಲಿನ ಲೋಟ ನೋಡಿದಳು, ಕೂತಳು. ಮೊಮ್ಮಗಳು ಸುಮ್ಮನಿರದೆ, ಆಚೆಮನೆ ಅಜ್ಜನಿಗೆ ನಾಲಗೆಯೇ ಹೋಗಿತ್ತಂತಲ್ಲ, ಆಮೇಲೆ ತಿರುಗಿ ಬಂತಂತೆ, ಹೌದಾ ಎಂದು ಕೇಳಿದಳು.

"ಬಂದಿತ್ ಮಗಾ. ಹಿರಿಯರಿಗೆ ಬಡ್ಸಿದ್ ದಿನ ಬಂತ್," ಎಂದಳು ತಂಗಿ. ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ದಾ ಅಕ್ಕ?"

ಅವಳಿಗೆ ಗೊತ್ತು. ನನಗೆ ಗೊತ್ತು ಎಂದೂ ಅವಳಿಗೆ ಗೊತ್ತು. ಆದರೂ ಕೇಳಿದಳು. ಇಷ್ಟು ವರ್ಷದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಅದೊಂದೇ.

"ಹೌದ್," ಎಂದೆ.

ಹಾಗಾದರೆ ಬಂಗುಡೆ ಸಾರಿಗೆ ಕಡೆಗೆ ಯಾವ ವೈನು ಹೊಂದಿತು ಎಂದು ಮೊಮ್ಮಗಳು ಕೇಳಿದಳು. ಅದನ್ನು ಹೇಳಬೇಕಾದವರು ಇಲ್ಲ. ಆ ಕೆಲಸವನ್ನು ಮುಂದುವರಿಸಲು ನನಗೆ ಮಾತು ಸಾಲದು, ತಂಗಿಗೆ ಮನಸ್ಸಿಲ್ಲ. ಬಿಟ್ಟಲ್ಲಿಗೇ ಬಿಟ್ಟುಹೋಯಿತು.

ಮರುದಿನ ಬೆಳಿಗ್ಗೆ ಬೇಲಿ ದಾಟಿ ತಂಗಿಯ ಮನೆಗೆ ಹೋದೆ. ತಿಂಡಿ ತಿನ್ನಲು ಬಂದೆ ಎಂದೆ. ಅವಳು ಗಡಿಬಿಡಿಯಲ್ಲಿ ಕಾವಲಿ ಇಟ್ಟು ದೋಸೆ ಹೊಯ್ದಳು. ಪ್ಲೇಟಿಗೆ ಹಾಕಿ, ಎದುರಲ್ಲಿ ಕೂತು, ನನ್ನ ಬಾಯಿಯನ್ನೇ ನೋಡಿದಳು. ಲಾಯ್ಕ್ ಆಯಿತು ಎನ್ನುತ್ತೇನೆ ಎಂದು ಕಾದಿದ್ದಳು.

"ಉಪ್ಪಿಲ್ಲೆ," ಎಂದೆ.

ತಂಗಿ ಎದ್ದು, ಉಪ್ಪಿನ ಭರಣಿ ತಂದು, ಹಿಟ್ಟಿಗೆ ಒಂದು ಚಿಟಿಕೆ ಹಾಕಿ ತಿರುಗಿಸಿದಳು. ಇನ್ನೊಂದು ಹೊಯ್ದಳು. ಅದನ್ನು ತಿಂದು, ಇದು ಅಡ್ಡಿಲ್ಲ ಎಂದು ಹೇಳಿ ಬಂದೆ.